ಹದಿನಾಲ್ಕನೇ ಚೀಟಿಯ ರೋಗಿ

೧೯೮೪ರ ಜನವರಿ ೧೭, ಮಂಗಳವಾರ, ಬೆಳಿಗ್ಗೆ ಎಂಟೂ ಮುಕ್ಕಾಲು. ಸ್ಥಳ, ಯಲಬುರ್ಗಾ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಆಗ ಅದು ರಾಯಚೂರು ಜಿಲ್ಲೆಗೆ ಸೇರಿತ್ತು. ಹೊರರೋಗಿಗಳ ಕೋಣೆಯಲ್ಲಿ ನಾಲ್ವರಿದ್ದೆವು. ವೈದ್ಯಾಧಿಕಾರಿಯಾದ ನಾನು, ಕಂಪೌಂಡರ್ ಖಾಜಾಸಾಬ್, ನರ್ಸ್ ಪಾರ್ವತಿಬಾಯಿ, ಮತ್ತು ಕಿಟಕಿಯ ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ನೋಟ್‌ಬುಕ್ಕನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತ ಡಾಕ್ಟರ್ ಜೋಶಿ. ಜೋಶಿಯವರು ನನ್ನನ್ನು ಪರೀಕ್ಷಿಸಲು ಧಾರವಾಡದ ಕಡೆಯಿಂದ ಹಿಂದಿನ ದಿನವೇ ಬಂದು ಪ್ರವಾಸಿ ಮಂದಿರದಲ್ಲಿ ಉಳಿದಿದ್ದರು. ನನ್ನ ಅಂಗೈ ಎಷ್ಟು ಬೆವರಿತ್ತೆಂದರೆ ಸ್ಟೆತಾಸ್ಕೋಪನ್ನು ಎರಡು ಸಲ ಒರೆಸಿಕೊಂಡೆ.

ಕಾರಣ ಹೇಳಬೇಕು. ಆಗ ನನಗೆ ಮೂವತ್ತನಾಲ್ಕು ವರ್ಷ ಏಳು ತಿಂಗಳು. ಎಂ.ಬಿ.ಬಿ.ಎಸ್. ಮುಗಿಸಿ ಸೇವೆಗೆ ಸೇರಿದ ಮೇಲೆ ಕುಷ್ಟಗಿ ತಾಲ್ಲೂಕಿನಲ್ಲಿ ಮೂರು ವರ್ಷ, ಗಂಗಾವತಿ ಕಡೆಯ ಕಾಲುವೆ ಊರೊಂದರಲ್ಲಿ ಎರಡು ವರ್ಷ, ಇಲ್ಲಿ ನಾಲ್ಕು ವರ್ಷ ಕಳೆದಿದ್ದೆ. ನಗರದ ಒಂದು ದೊಡ್ಡ ಆಸ್ಪತ್ರೆ ‘ಜನರಲ್ ಪ್ರಾಕ್ಟೀಸ್’ ತರಬೇತಿಗೆ ಅರ್ಜಿ ಕರೆದಿತ್ತು. ಮೂರು ವರ್ಷದ ತರಬೇತಿ. ಹೆರಿಗೆ, ಶಸ್ತ್ರಚಿಕಿತ್ಸೆ, ಮಕ್ಕಳ ರೋಗ, ಕಣ್ಣು, ಚರ್ಮ ಎಲ್ಲದರಲ್ಲೂ ಕೆಲವು ತಿಂಗಳು ಪಳಗಿಸಿ, ಇಡೀ ಕುಟುಂಬವನ್ನು ನೋಡಿಕೊಳ್ಳಬಲ್ಲ ವೈದ್ಯನನ್ನು ತಯಾರು ಮಾಡುವುದು ಅದರ ಉದ್ದೇಶ. ಸರ್ಕಾರಿ ವೈದ್ಯರಿಗೆ ಎರಡು ಸೀಟು. ವಯೋಮಿತಿ ಮೂವತ್ತೈದು. ಅಂದರೆ ನನಗೆ ಇದೇ ಮೊದಲ ಸಲ, ಇದೇ ಕೊನೆಯ ಸಲ.

ಅರ್ಜಿಯಲ್ಲಿ ಬೇರೆಲ್ಲೂ ಕಾಣದ ಒಂದು ಷರತ್ತಿತ್ತು. ಪರೀಕ್ಷಕರೊಬ್ಬರು ಅರ್ಜಿದಾರನ ಆಸ್ಪತ್ರೆಗೇ ಬಂದು ಅರ್ಧ ದಿನ ಕೂರುತ್ತಾರೆ. ಪ್ರಶ್ನೆ ಕೇಳುವುದಿಲ್ಲ, ಸಲಹೆ ಕೊಡುವುದಿಲ್ಲ. ಒ.ಪಿ.ಡಿ. ಮುಗಿದ ಮೇಲೆ, ಅಂದು ನೋಡಿದವರಲ್ಲಿ ಪರೀಕ್ಷಕರು ಆರಿಸಿದ ಹತ್ತು ರೋಗಿಗಳ ಕೇಸನ್ನು ವಿವರವಾಗಿ ಬರೆದು ಮಧ್ಯಾಹ್ನ ಎರಡು ಗಂಟೆಯೊಳಗೆ ಕೊಡಬೇಕು. ರೋಗಿ ಹೇಳಿದ ತೊಂದರೆ, ವೈದ್ಯ ಕಂಡ ಲಕ್ಷಣ, ನಿರ್ಧಾರ, ಚಿಕಿತ್ಸೆ, ಈ ಕ್ರಮದಲ್ಲಿ.

ನಾನು ಬೋರ್ಡಿಂಗ್ ಶಾಲೆಯ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವನು. ಕ್ರಮ ತಪ್ಪುವುದು ನನಗೆ ಆಗದ ಮಾತು. ಸೋಮವಾರ ಸಂಜೆ ಸಿಬ್ಬಂದಿಯನ್ನು ಕೂರಿಸಿ ಸೂಚನೆ ಕೊಟ್ಟೆ. ಚೀಟಿಗೆ ನಂಬರು ಹಾಕಬೇಕು. ನಂಬರಿನ ಪ್ರಕಾರವೇ ಒಳಗೆ ಬಿಡಬೇಕು. ಕೊನೆಯ ಸೂಚನೆ ಖಾಜಾಸಾಬರಿಗೆ.

“ನಾಳೆ ಕಿಟಕಿಯಿಂದ ಔಷಧಿ ಮಾತ್ರ ಹೋಗಬೇಕು, ಮಾತು ಹೋಗಬಾರದು.”

ಖಾಜಾಸಾಬ್ ಇಪ್ಪತ್ತೆರಡು ವರ್ಷದ ಹಳೆಯ ಕಂಪೌಂಡರ್. ಔಷಧಿ ಕೊಡುವ ಕಿಟಕಿಯಲ್ಲಿ ಅವರ ಬಾಯಿಗೆ ಬಿಡುವಿರುತ್ತಿರಲಿಲ್ಲ. ಬಾಟಲಿ ಕೊಡುವಾಗ ಪ್ರತಿಯೊಬ್ಬರನ್ನೂ ಛೇಡಿಸುತ್ತಿದ್ದರು. “ಇದು ನಿನ್ನ ಹೊಟ್ಟಿಗೋ, ನಿನ್ನ ಎಮ್ಮಿ ಹೊಟ್ಟಿಗೋ? ಖರೇ ಹೇಳು, ಎಮ್ಮಿಗಾದ್ರ ದೊಡ್ಡ ಬಾಟ್ಲಿ ಕೊಡ್ತೀನಿ.” ಜನ ನಗುತ್ತಿದ್ದರು, ನಕ್ಕು ಉತ್ತರ ಹೇಳುತ್ತಿದ್ದರು. ಪರೀಕ್ಷಕರ ಮುಂದೆ ಇದೆಲ್ಲ ಸಂತೆಯಂತೆ ಕಾಣುತ್ತದೆಂದು ನನ್ನ ಹೆದರಿಕೆ.

“ಆತ್ ಬಿಡ್ರಿ ಸಾಹೇಬ್ರ, ನಾಳಿ ಒಂದಿನಾ ಮೂಕಬಸವಣ್ಣ ಆಗ್ತೀನಿ,” ಎಂದರು ಖಾಜಾಸಾಬ್.

ಒಂಬತ್ತಕ್ಕೆ ಒ.ಪಿ.ಡಿ. ಶುರುವಾಯಿತು. ಕೆಮ್ಮು, ಚಳಿಜ್ವರ, ಕುಡುಗೋಲು ತಾಗಿದ ಬೆರಳು, ಕಿವಿ ಸೋರುವ ಕೂಸು. ಜೋಶಿಯವರ ಪೆನ್ನು ಆಗಾಗ ಓಡುತ್ತಿತ್ತು. ಅದು ಓಡಿದಾಗಲೆಲ್ಲ ನಾನೇನು ತಪ್ಪಿದೆ ಎಂದು ಅಳುಕುತ್ತಿದ್ದೆ. ನಿಂತಾಗ ನಾನೇನು ಮರೆತೆ ಎಂದು ಭಯವಾಗುತ್ತಿತ್ತು.

ಹತ್ತೂ ಇಪ್ಪತ್ತಕ್ಕೆ ಹದಿನಾಲ್ಕನೇ ಚೀಟಿ. ಒಳಗೆ ಬಂದವಳು ಗಂಗವ್ವ, ವಯಸ್ಸು ಅರವತ್ತರ ಹತ್ತಿರ. ಆರು ಕಿಲೋಮೀಟರ್ ದೂರದ ಸಣ್ಣ ಊರಿನಿಂದ ನಡೆದು ಬಂದಿದ್ದಳು. ಆ ಊರಿನ ಹೆಸರು ಇಲ್ಲಿ ಬೇಡ.

“ಏನಾಗೈತಿ ಯವ್ವಾ?”

“ಕಿಬ್ಬೊಟ್ಟಿ ಒಂದು ಮಗ್ಗಲ ಹಿಡಕೊಂಡೈತ್ರಿ. ನಿನ್ನಿ ಸಂಜಿಯಿಂದ. ಮುಂಜಾನೆ ಎದ್ದಕೂಡ್ಲೆ ಕಣ್ಣಿಗೆ ಕತ್ತಲಿ ಬಂದು ಬಿದ್ದಂಗಾತು. ಹೆಗಲ ಸೈತ ನೋಯ್ತೈತ್ರಿ.”

ನಾನು ಅವಳನ್ನು ಮೇಜಿನ ಮೇಲೆ ಮಲಗಿಸಿ ಪುಸ್ತಕದಲ್ಲಿರುವಂತೆ ಪರೀಕ್ಷಿಸಿದೆ. ನಾಡಿ ಎಪ್ಪತ್ತಾರು. ಬಿ.ಪಿ. ನೂರ ಮೂವತ್ತು, ಎಂಬತ್ತು. ನಾಲಿಗೆ ಕೆಂಪು. ಹೊಟ್ಟೆ ಮೆತ್ತಗೆ, ಎಲ್ಲಿ ಒತ್ತಿದರೂ ನೋವಿಲ್ಲ. ಹೆಗಲು ಸಲೀಸಾಗಿ ತಿರುಗುತ್ತಿತ್ತು. ಒಂದೂ ಹಂತ ಬಿಡಲಿಲ್ಲ. ಜೋಶಿಯವರ ಪೆನ್ನು ಓಡಿತು. ಈ ಸಲ ಮಾತ್ರ ನನಗೆ ಸ್ವಲ್ಪ ಧೈರ್ಯ ಬಂತು. ವಾಯು ಎಂದು ಬರೆದು, ಹೊಟ್ಟೆಯ ಮಿಕ್ಸ್‌ಚರ್ ಕೊಡಲು ಹೇಳಿ ಹದಿನೈದನೇ ಚೀಟಿ ಕರೆದೆ. ಗಂಗವ್ವ ತಾನು ತಂದಿದ್ದ ಬಾಟಲಿಯನ್ನು ಕಿಟಕಿಯಲ್ಲಿ ಕೊಟ್ಟು, ಔಷಧಿ ತುಂಬಿಸಿಕೊಂಡು ಹೋದಳು.

ಹನ್ನೆರಡಕ್ಕೆ ಒ.ಪಿ.ಡಿ. ಮುಗಿಯಿತು. ಜೋಶಿಯವರು ಹತ್ತು ನಂಬರುಗಳ ಪಟ್ಟಿ ಕೊಟ್ಟು ವರಾಂಡಕ್ಕೆ ಹೋಗಿ ಕುಳಿತರು. ನಾನು ಬರೆಯತೊಡಗಿದೆ. ಏಳನೆಯದಾಗಿ ಹದಿನಾಲ್ಕನೇ ಚೀಟಿ ಬಂದಾಗ ಗಡಿಯಾರದಲ್ಲಿ ಹನ್ನೆರಡೂ ಮೂವತ್ತೈದು.

ರೋಗಿ ಹೇಳಿದ ತೊಂದರೆ: ಕಿಬ್ಬೊಟ್ಟೆಯ ಒಂದು ಬದಿ ನೋವು, ತಲೆಸುತ್ತಿ ಬಿದ್ದದ್ದು, ಹೆಗಲು ನೋವು. ಬರೆದೆ. ವೈದ್ಯ ಕಂಡ ಲಕ್ಷಣ: ನಾಡಿ ಎಪ್ಪತ್ತಾರು, ಹೊಟ್ಟೆ ಮೆತ್ತಗೆ. ಬರೆದೆ. ಒಂದರ ಕೆಳಗೊಂದು ಬಂದ ಈ ಎರಡು ಸಾಲುಗಳನ್ನು ನೋಡಿ ಪೆನ್ನು ನಿಂತಿತು. ಇವೆರಡೂ ಒಂದೇ ದೇಹದವಲ್ಲ.

ಆ ಸೀಮೆಯಲ್ಲಿ ಒಂದು ರೂಢಿಯಿತ್ತು. ಹೊಸ ಸೊಸೆಗೆ ಕಾಯಿಲೆಯಾದರೆ ಅತ್ತೆ ಬರುತ್ತಿದ್ದಳು. ಬಂದವಳು ಸೊಸೆಗೆ ಹೀಗಾಗಿದೆ ಎನ್ನುತ್ತಿರಲಿಲ್ಲ. ನಾಲ್ಕು ಜನರ ಮುಂದೆ ಚೊಚ್ಚಲ ಬಸುರಿಯ ಸುದ್ದಿ ಆಡಬಾರದು, ಆಡಿದರೆ ದೃಷ್ಟಿಯಾಗುತ್ತದೆ, ನಿಲ್ಲುವುದಿಲ್ಲ. ಆದ್ದರಿಂದ ಸೊಸೆಯ ನೋವನ್ನು ತನ್ನದೆಂದೇ ಹೇಳಿ ಔಷಧಿ ಒಯ್ಯುತ್ತಿದ್ದಳು. ನಾಲ್ಕು ವರ್ಷದಲ್ಲಿ ಇಂಥವರನ್ನು ನಾನು ಹತ್ತಾರು ಸಲ ಕಂಡಿದ್ದೆ. ಅನುಮಾನ ಬಂದಾಗ ಕೇಳುತ್ತಿದ್ದೆ. ನಾನು ಮರೆತರೂ ಕಿಟಕಿಯಲ್ಲಿ ಖಾಜಾಸಾಬರ ಎಮ್ಮೆಯ ಮಾತಿಗೆ ಅವರು ನಕ್ಕು ನಿಜ ಹೇಳಿಬಿಡುತ್ತಿದ್ದರು.

ಕಿಟಕಿಯ ಕೋಣೆಗೆ ಹೋದೆ. ಖಾಜಾಸಾಬ್ ಅಳತೆಯ ಗ್ಲಾಸು ತೊಳೆಯುತ್ತಿದ್ದರು.

“ಗಂಗವ್ವನ ಔಷಧಿ ಯಾರಿಗೆ ಅಂತ ಕೇಳಿದ್ರ್ಯಾ?”

ಅವರು ಗ್ಲಾಸು ಕೆಳಗಿಟ್ಟರು. “ನೀವೇ ಬಾಯಿ ಮುಚ್ಚಸಿದ್ರೆಲ್ಲ ಸಾಹೇಬ್ರ.” ಕೈ ಒರೆಸಿಕೊಳ್ಳುತ್ತ ಹೇಳಿದರು, “ಆಕಿ ಮಗನ ಮದುವಿ ಹ್ವಾದ ಬ್ಯಾಸಗ್ಯಾಗ ಆಗೈತ್ರಿ. ಮಗ ಕಾರಟಗಿ ರೈಸ್‌ಮಿಲ್ಲಿನ್ಯಾಗ ಹಮಾಲಿ ಮಾಡ್ತಾನ. ಮನ್ಯಾಗ ಸೊಸಿ ಅದಾಳ.”

ಮದುವೆಯಾದ ಹುಡುಗಿ, ಒಂದು ಬದಿಯ ಕಿಬ್ಬೊಟ್ಟೆ ನೋವು, ಎಚ್ಚರ ತಪ್ಪುವುದು, ಹೆಗಲ ನೋವು. ವೈದ್ಯ ವಿದ್ಯಾರ್ಥಿಗೂ ಇದರ ಅರ್ಥ ಗೊತ್ತು. ಗರ್ಭ ಗರ್ಭಕೋಶದಲ್ಲಿ ನಿಲ್ಲದೆ ಪಕ್ಕದ ನಳಿಕೆಯಲ್ಲಿ ನಿಂತಿದೆ. ಬೆಳೆದಂತೆ ನಳಿಕೆ ಒಡೆಯುತ್ತದೆ. ರಕ್ತವೆಲ್ಲ ಹೊಟ್ಟೆಯೊಳಗೇ ಸೋರಿ ಎದೆಗೂ ಹೊಟ್ಟೆಗೂ ನಡುವಿನ ಪೊರೆಗೆ ತಾಗಿದಾಗ ಹೆಗಲು ನೋಯುತ್ತದೆ. ಹೊರಗೆ ಒಂದು ಹನಿಯೂ ಕಾಣದೆ ಹುಡುಗಿ ಸಾಯುತ್ತಾಳೆ. ಮದ್ದು ಶಸ್ತ್ರಚಿಕಿತ್ಸೆ ಒಂದೇ. ಅದು ಕೊಪ್ಪಳದಲ್ಲಿ ಮಾತ್ರ ಸಾಧ್ಯ. ನಾನು ಕಳಿಸಿದ್ದು ವಾಯುವಿನ ಮಿಕ್ಸ್‌ಚರ್.

ನಮ್ಮ ಜೀಪು ಅಂದು ಕುಷ್ಟಗಿಯ ಶಿಬಿರಕ್ಕೆ ಹೋಗಿತ್ತು. ಆವರಣದಲ್ಲಿ ನಿಂತಿದ್ದ ವಾಹನ ಒಂದೇ, ಪರೀಕ್ಷಕರ ಅಂಬಾಸಿಡರ್. ವರಾಂಡಕ್ಕೆ ಹೋಗಿ ನಿಂತೆ.

“ಸರ್, ಹದಿನಾಲ್ಕನೇ ರೋಗಿಯನ್ನು ನಾನು ನೋಡಿಯೇ ಇಲ್ಲ. ಬೇರೆಯವರನ್ನು ನೋಡಿದ್ದೇನೆ.” ಎರಡು ವಾಕ್ಯದಲ್ಲಿ ವಿವರಿಸಿದೆ. “ನಿಮ್ಮ ಕಾರು ಬೇಕು.”

ಜೋಶಿಯವರು ಗಡಿಯಾರ ನೋಡಿಕೊಂಡರು. “ಇನ್ನೂ ನಾಕು ಕೇಸು ಬಾಕಿ ಅವ ನಿಮ್ಮವು. ಎರಡಕ್ಕ ನಾ ತಗೋಬೇಕು.”

“ಗೊತ್ತು ಸರ್.”

ಅವರು ನೋಟ್‌ಬುಕ್ ಮುಚ್ಚಿ ಎದ್ದು ಡ್ರೈವರನನ್ನು ಕರೆದರು.

ಖಾಜಾಸಾಬರನ್ನು ಅಂಚೆ ಕಚೇರಿಗೆ ಓಡಿಸಿದೆ. ಕೊಪ್ಪಳಕ್ಕೆ ಟ್ರಂಕ್ ಕಾಲ್ ಹಾಕಿ, ಹೊಟ್ಟೆ ತೆರೆಯುವ ಕೇಸು ಬರುತ್ತಿದೆ, ಸರ್ಜನ್ ಊರಲ್ಲಿದ್ದರೆ ತಡೆದು ನಿಲ್ಲಿಸಿ ಎಂದು ಹೇಳಬೇಕು. ಲೈನು ಸಿಗುವ ಖಾತ್ರಿ ಇರಲಿಲ್ಲ. ಸರ್ಜನ್ ಇರುವ ಖಾತ್ರಿಯೂ ಇರಲಿಲ್ಲ. ಎರಡು ಬಾಟಲಿ ಸಲೈನ್, ಸೂಜಿ, ಬಿ.ಪಿ. ಯಂತ್ರ ಹಿಡಿದು ನಾನೂ ಪಾರ್ವತಿಬಾಯಿಯೂ ಹಿಂದಿನ ಸೀಟಿನಲ್ಲಿ ಕುಳಿತೆವು, ಜೋಶಿಯವರು ಮುಂದೆ. ಎರೆಹೊಲಗಳ ನಡುವಿನ ಗಾಡಿದಾರಿ. ಕಾರು ಹತ್ತು ಹದಿನೈದು ಮೈಲಿ ವೇಗ ಮೀರಲಿಲ್ಲ. ಎರಡೂ ಬದಿ ಬಿಳಿಜೋಳ ಆಳೆತ್ತರ ನಿಂತು ತಿರುವು ಕಾಣುತ್ತಿರಲಿಲ್ಲ. ನಾನು ಲೆಕ್ಕ ಹಾಕುತ್ತಿದ್ದೆ: ನಿನ್ನೆ ಸಂಜೆಯಿಂದ ನೋವು, ಬೆಳಿಗ್ಗೆ ಬಿದ್ದಿದ್ದಾಳೆ, ಆಮೇಲೆ ಏಳು ಗಂಟೆ ಕಳೆದಿದೆ.

ಊರಿನ ಹಳ್ಳ ಇನ್ನೂ ಅರ್ಧ ಮೈಲಿ ಇರುವಾಗ ಗಂಗವ್ವ ಕಂಡಳು. ನಡುದಾರಿಯಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ತಿಂದು ಈಗ ಮತ್ತೆ ಹೊರಟಿದ್ದಳು. ಬಾಟಲಿ ಸೆರಗಿನ ಗಂಟಿನಲ್ಲಿತ್ತು. ಕಾರು ನಿಲ್ಲಿಸಿ ಇಳಿದೆ.

“ಯವ್ವಾ, ಔಷಧಿ ಯಾರಿಗೆ?”

ಅವಳು ಕಾರನ್ನು, ಜೋಶಿಯವರನ್ನು, ನನ್ನನ್ನು ನೋಡಿದಳು.

“ನನಗರೀ.”

“ನಿನಗ ಏನೂ ಆಗಿಲ್ಲ. ನಾನು ನೋಡೀನಿ. ಸೊಸಿ ಎಷ್ಟು ದಿನ ಆತು ಹೊರಗ ಕುಂತಿಲ್ಲ?” ಮುಟ್ಟಾಗಿಲ್ಲವೇ ಎಂಬುದನ್ನು ಅಲ್ಲಿ ಹೀಗೆ ಕೇಳುತ್ತಾರೆ.

ಗಂಗವ್ವ ಪಾರ್ವತಿಬಾಯಿಯ ಕಡೆ ತಿರುಗಿ, ನಾನು ಕೇಳಬಾರದೆಂಬಂತೆ ತಗ್ಗಿದ ದನಿಯಲ್ಲಿ ಹೇಳಿದಳು, “ಎರಡು ತಿಂಗಳಾತ್ರೀ ಬಾಯಾರ. ಇನ್ನೂ ಯಾರಿಗೂ ಹೇಳಿಲ್ಲರಿ.”

ಅವಳನ್ನು ಕಾರಿಗೆ ಹತ್ತಿಸಿಕೊಂಡೆವು. ಹಳ್ಳದಲ್ಲಿ ನೀರಿರಲಿಲ್ಲ, ಉಸುಕು ತುಂಬಿತ್ತು. ಕಾರು ದಾಟುವಂತಿರಲಿಲ್ಲ. ಇಳಿದು ಬಿರುಸಾಗಿ ನಡೆದೆವು. ಅರವತ್ತರ ಗಂಗವ್ವ ನನಗಿಂತ ಮುಂದಿದ್ದಳು.

ಒಂದೂ ಇಪ್ಪತ್ತಕ್ಕೆ ಮನೆ ತಲುಪಿದೆವು. ಸೊಸೆ ಶಾಂತವ್ವ, ಹತ್ತೊಂಬತ್ತು ವರ್ಷದವಳು, ಒಳಕೋಣೆಯಲ್ಲಿ ಕೌದಿಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಮಲಗಿದರೆ ಹೆಗಲ ನೋವು ಹೆಚ್ಚುತ್ತದೆಂದು ಕುಳಿತೇ ಇದ್ದಳಂತೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಕಾಗದದಂತೆ ಬಿಳಿ. ನಾಡಿ ನೂರ ಮೂವತ್ತೆರಡು, ನೂಲಿನಷ್ಟು ಸಣ್ಣ. ಬಿ.ಪಿ. ಎಪ್ಪತ್ತು. ಹೊಟ್ಟೆ ಬಿಗಿದಿತ್ತು. ಬೆರಳು ತಾಗಿಸಿದ್ದಕ್ಕೇ ಚೀರಿದಳು.

ನಾನು ಬಾಗಿಲಲ್ಲಿ ನಿಂತ ಜೋಶಿಯವರ ಮುಖ ನೋಡಿದೆ. ಹಿರಿಯರು, ಏನಾದರೂ ಹೇಳಲಿ ಎಂಬ ಆಸೆ.

“ಪೇಷಂಟ್ ನಿಮ್ಮಾಕಿ. ನೀವು ಹೇಳ್ರಿ,” ಎಂದರು.

ನಾನು ಹೇಳಿದೆ. ತಕ್ಷಣ ಕೊಪ್ಪಳಕ್ಕೆ ಒಯ್ಯಬೇಕು, ಹೊಟ್ಟೆ ತೆರೆಯಬೇಕು. ಅಷ್ಟರಲ್ಲಿ ಮನೆಯ ಮುಂದೆ ಜನ ಸೇರಿದ್ದರು. ಗಂಗವ್ವನ ಕಿರಿಮಗ ಯಂಕಪ್ಪ ಹೊಲದಿಂದ ಓಡಿ ಬಂದು ಹೊಸ್ತಿಲಿಗೆ ಅಡ್ಡ ನಿಂತ.

“ಅಣ್ಣ ಬರೂತನಾ ಎಲ್ಲೂ ಒಯ್ಯೂದು ಬ್ಯಾಡ್ರಿ. ದಾರ್ಯಾಗ ಏನರ ಆತಂದ್ರ ಅವಗ ಉತ್ತರಾ ಯಾರು ಕೊಡೋರು?”

ಅವನ ಮಾತು ತಪ್ಪಲ್ಲ. ದಾರಿಯಲ್ಲಿ ಸಾಯುವ ಸಾಧ್ಯತೆ ಚೆನ್ನಾಗಿಯೇ ಇತ್ತು. ಗಂಗವ್ವ ನನ್ನನ್ನು ಕೇಳಿದಳು, “ಬದುಕ್ತಾಳೇನ್ರಿ?”

“ಇಲ್ಲೇ ಇದ್ರ ಸಂಜಿತನಾ ಇರೂದಿಲ್ಲ. ಒಯ್ದ್ರ ಬದುಕಬಹುದು. ಖಾತ್ರಿ ಹೇಳಾಕ ಆಗೂದಿಲ್ಲ.”

ಅವಳು ಮಗನತ್ತ ತಿರುಗಿದಳು. “ಯಂಕ್ಯಾ, ಉತ್ತರಾ ನಾ ಕೊಡ್ತೀನಿ. ನೀ ಹೊರಸ ಎತ್ತು.”

ಹೊರಸೆಂದರೆ ಹಗ್ಗದ ಮಂಚ. ರಕ್ತನಾಳ ಕುಸಿದು ಸಿಗಲೇ ಇಲ್ಲ. ಮೂರನೇ ಸಲ ಚುಚ್ಚಿದಾಗ ಸೂಜಿಯಲ್ಲಿ ರಕ್ತ ಕಂಡಿತು. ಸಲೈನ್ ಹನಿಯತೊಡಗಿದ ಮೇಲೆ ಹೊರಸಿನ ನಾಲ್ಕು ಕಾಲಿಗೆ ನಾಲ್ವರು ಹೆಗಲು ಕೊಟ್ಟು ಹಳ್ಳ ದಾಟಿಸಿದರು. ಪಾರ್ವತಿಬಾಯಿ ಕೇಂದ್ರ ನೋಡಿಕೊಳ್ಳಲು ನಡೆದು ಹಿಂದಿರುಗಿದರು. ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಶಾಂತವ್ವ, ಅವಳ ಕಾಲ ಬಳಿ ಮುದುಡಿಕೊಂಡು ನಾನು. ಮುಂದೆ ಡ್ರೈವರ್, ಯಂಕಪ್ಪ, ಜೋಶಿಯವರು. ಯಂಕಪ್ಪ ಎತ್ತಿ ಹಿಡಿದಿದ್ದ ಬಾಟಲಿ ಕಾರು ಕುಲುಕಿದಾಗಲೆಲ್ಲ ಕೆಳಗಿಳಿಯುತ್ತಿತ್ತು. ಜೋಶಿಯವರು ಅದನ್ನು ತೆಗೆದುಕೊಂಡು, ಹಿಂದಕ್ಕೆ ತಿರುಗಿ, ಕಾರಿನ ಚಾವಣಿಗೆ ತಾಗಿಸಿ ಹಿಡಿದರು. ಕೊಪ್ಪಳದವರೆಗೆ ಐವತ್ತು ನಿಮಿಷ ಹಾಗೆಯೇ ಇದ್ದರು.

ಆ ಐವತ್ತು ನಿಮಿಷದಷ್ಟು ಹೆದರಿಕೆ ನನ್ನ ಮೂವತ್ತಮೂರು ವರ್ಷದ ಸೇವೆಯಲ್ಲಿ ಮತ್ತೆಂದೂ ಆಗಿಲ್ಲ. ನಾಡಿಯ ಮೇಲೆ ಬೆರಳಿಟ್ಟೇ ಇದ್ದೆ. ಎರಡು ಸಲ ಅದು ಸಿಗದೆ ಹೋಯಿತು. ಎರಡು ಸಲವೂ ನನ್ನ ಬೆರಳೇ ಜೋಮು ಹಿಡಿದಿದೆಯೆಂದು ನಂಬಿ, ಕೈ ಬದಲಿಸಿ ಹುಡುಕಿದೆ. ತರಬೇತಿಯ ಸೀಟಿನ ಯೋಚನೆ ಬರಲಿಲ್ಲ ಎಂದರೆ ಸುಳ್ಳಾದೀತು. ಭಾಗ್ಯನಗರದ ಹತ್ತಿರ ಒಂದು ಸಲ ಬಂತು, ಗಂಟೆ ಎರಡು ದಾಟಿದೆ ಎಂದು. ನಾಚಿಕೆಯಾಯಿತು.

ಖಾಜಾಸಾಬರ ಟ್ರಂಕ್ ಕಾಲ್ ನಲವತ್ತು ನಿಮಿಷ ಕಾದ ಮೇಲೆ ಸಿಕ್ಕಿತ್ತು. ಸರ್ಜನ್ ಊಟ ಬಿಟ್ಟು ಕಾಯುತ್ತಿದ್ದರು. ರಕ್ತ ಬೇಕಿತ್ತು. ಅಲ್ಲಿ ಆಗ ರಕ್ತನಿಧಿಯಿರಲಿಲ್ಲ. ಸರ್ಜನ್ ಹಳೆಯ ಉಪಾಯ ಮಾಡಿದರು. ಹೊಟ್ಟೆ ತೆರೆದು, ಒಳಗೆ ಸೋರಿ ನಿಂತಿದ್ದ ಅವಳ ರಕ್ತವನ್ನೇ ಬಟ್ಟಲಿನಿಂದ ತೆಗೆದು, ಎಂಟು ಪದರದ ಗಾಜ್ ಬಟ್ಟೆಯಲ್ಲಿ ಸೋಸಿ, ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ ಹಾಕಿದ ಬಾಟಲಿಗೆ ತುಂಬಿ ಅವಳ ನಾಳಕ್ಕೇ ಹಿಂದಿರುಗಿಸಿದರು. ಸೋಸುವ ಕೆಲಸ ನನ್ನದು. ಎಡ ನಳಿಕೆ ಒಡೆದಿತ್ತು. ಅದನ್ನು ಕಟ್ಟಿ ತೆಗೆದಾಗ ನಾಲ್ಕೂ ಕಾಲು. ಬಿ.ಪಿ. ನೂರಕ್ಕೆ ಏರಿದಾಗ ನಾಲ್ಕೂ ಐವತ್ತು. ಹನ್ನೊಂದನೇ ದಿನ ಹೊಲಿಗೆ ಬಿಚ್ಚಿಸಿಕೊಂಡು ಅವಳು ಮನೆಗೆ ಹೋದಳು. ಮುಂದೆ ಅವಳ ಎರಡು ಹೆರಿಗೆಯೂ ನನ್ನ ಕೇಂದ್ರದಲ್ಲೇ ಆದವು.

ಆ ಸಂಜೆ ಕೊಪ್ಪಳ ಆಸ್ಪತ್ರೆಯ ವರಾಂಡದಲ್ಲಿ ಜೋಶಿಯವರು ಬಲಗೈ ತೋಳನ್ನು ಎಡಗೈಯಿಂದ ತಿಕ್ಕಿಕೊಳ್ಳುತ್ತ ಕುಳಿತಿದ್ದರು. “ಏಳನೇದು ಬರದು ಕೊಡ್ರಿ,” ಎಂದರು. ಆಸ್ಪತ್ರೆಯ ಹಾಳೆ ತೆಗೆದುಕೊಂಡು, ಅದೇ ಕ್ರಮದಲ್ಲಿ, ಬೆಳಿಗ್ಗೆ ನಾನು ಯಾರನ್ನು ಪರೀಕ್ಷಿಸಿದೆ, ಏನು ಕೇಳಲಿಲ್ಲ, ಹಿಂದಿನ ಸಂಜೆ ಯಾರ ಬಾಯಿ ಮುಚ್ಚಿಸಿದ್ದೆ, ಎಲ್ಲ ಬರೆದು ಸಹಿ ಹಾಕಿದೆ. ಅವರು ಓದಿ ಮಡಿಸಿಟ್ಟುಕೊಂಡರು. “ಏಳು ಅದಾವ. ನಾನು ಏಳು ಅಂತನ ಬರೀತೀನಿ. ತಿಳೀತಲ್ಲ?”

“ತಿಳೀತು ಸರ್.”

ಏಪ್ರಿಲ್‌ನಲ್ಲಿ ಪಟ್ಟಿ ಬಂತು. ನನ್ನ ಹೆಸರಿರಲಿಲ್ಲ. ನಿಯಮ ಹತ್ತು ಎಂದಿತ್ತು, ನಾನು ಕೊಟ್ಟದ್ದು ಏಳು. ಜೂನ್‌ನಲ್ಲಿ ವಯಸ್ಸು ಮೀರಿತು. ನಿವೃತ್ತಿಯವರೆಗೂ ಪ್ರಾಥಮಿಕ ಕೇಂದ್ರದ ವೈದ್ಯನಾಗಿಯೇ ಉಳಿದೆ.

ಜನವರಿಯ ಆ ಸಂಜೆ ಇನ್ನೊಂದು ಕೆಲಸ ಉಳಿದಿತ್ತು. ಕಾರಟಗಿಯಲ್ಲಿದ್ದ ಹಿರಿಮಗನಿಗೆ ಸುದ್ದಿ ಮುಟ್ಟಿಸಬೇಕು. ಗಂಗವ್ವ ನನ್ನ ಪಕ್ಕ ನೆಲದ ಮೇಲೆ ಕುಳಿತು ಹೇಳಿ ಬರೆಸಿದಳು.

“ಬರೀರಿ. ನನಗ ಹೊಟ್ಟಿ ನೋವು ಭಾಳ ಆಗೈತಿ, ಕೊಪ್ಪಳಕ್ಕ ಹಾಕ್ಯಾರ, ಲಗೂ ಬಾ ಅಂತ.”

ನನಗೆ ಸಿಟ್ಟು ಬಂತು. ಇಷ್ಟೆಲ್ಲ ಆದ ಮೇಲೂ ಅದೇ ಮಾತು. ಬೈಯಲು ಬಾಯಿ ತೆರೆದವನು, ಯಾಕೋ, ಬೈಯುವ ಬದಲು ಕೇಳಿದೆ. “ಯಾಕ ಹಂಗ ಬರೀಬೇಕು ಯವ್ವಾ?”

“ಅವಗ ಓದಾಕ ಬರೂದಿಲ್ಲರಿ. ಮಿಲ್ಲಿನ ಗುಮಾಸ್ತ ಓದಿ ಹೇಳ್ತಾನ, ಹತ್ತು ಮಂದಿ ಹಮಾಲರ ಮುಂದ. ಹೇಣ್ತಿ ಬಸರಾಗಿದ್ಲು, ಹೋತು, ಹೊಟ್ಟಿ ಕೊಯ್ದಾರ ಅಂತ ನನ್ನ ಮಗ ಮಂದ್ಯಾಗ ನಿಂತು ಕೇಳಬೇಕೇನ್ರಿ? ಅವ್ವಗ ಆರಾಮಿಲ್ಲ ಅಂದ್ರೂ ಓಡಿ ಬರ್ತಾನ. ಬಂದಮ್ಯಾಲ ನಾನೇ ಹೇಳ್ತೀನಿ, ಬಾಜೂಕ ಕುಂದರಿಸಿಕೊಂಡು.”

ನಾಲ್ಕು ವರ್ಷ ನಾನು ಈ ಹೆಂಗಸರನ್ನು ಸುಳ್ಳು ಹೇಳುವವರು ಎಂದುಕೊಂಡು, ಸುಳ್ಳನ್ನು ಹಿಡಿಯುವುದೇ ಜಾಣತನ ಎಂದುಕೊಂಡಿದ್ದೆ. ಅವರು ಪ್ರತಿ ಸಲವೂ ಯಾರನ್ನೋ ಕಾಪಾಡುತ್ತಿದ್ದರು. ಯಾರನ್ನು, ಯಾವುದರಿಂದ ಎಂದು ಕೇಳಿ ತಿಳಿಯುವುದು ವೈದ್ಯನ ಕೆಲಸ. ಮೂರು ವರ್ಷದ ತರಬೇತಿಯಲ್ಲಿ ಇದನ್ನು ಕಲಿಸುತ್ತಿದ್ದರೋ ಏನೋ, ನನಗೆ ತಿಳಿಯದು.

ಅವಳು ಹೇಳಿದಂತೆಯೇ ಬರೆದೆ. ಮೇಲೆ ಮಿಲ್ಲಿನ ವಿಳಾಸ ಹಾಕಿ, ಬಸ್ ಸ್ಟ್ಯಾಂಡಿಗೆ ನಡೆದು, ಐದೂ ನಲವತ್ತರ ಕಾರಟಗಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟೆ. ಅವನು ಅದನ್ನು ಟಿಕೆಟ್ ಪೆಟ್ಟಿಗೆಯೊಳಗೆ ಸೇರಿಸಿ, “ಇವತ್ತ ಮುಟ್ಟಸ್ತೀನ್ರಿ,” ಎಂದು ಸೀಟಿ ಊದಿದ. ಬಸ್ಸು ಹೊರಟಿತು.